ಎಂಟು ತುಂಡಾದ ಅರ್ಥಶಾಸ್ತ್ರ

ಮಣಿನಗರ, ಅಹಮದಾಬಾದ್
೭ ಮಾರ್ಚ್ ೧೯೬೭, ಮಂಗಳವಾರ

ಪ್ರೀತಿಯ ತಾರಾ,

ಜೀವಣಭಾಯಿಯವರನ್ನು ಕಳ್ಳ ಎಂದು ಕರೆದಿದ್ದಾರೆ. ಅವರು ಕದ್ದಿಲ್ಲ. ಆ ಪುಸ್ತಕವನ್ನು ಅವರ ಕೈಗೆ ಕೊಟ್ಟವಳು ನೀನು. ಈ ಮಾತನ್ನು ಮೊದಲು ಬರೆದುಬಿಡಬೇಕು ಅನ್ನಿಸಿತು. ಕ್ಷೇಮ ಕೇಳಿಕೊಂಡು, ಇಲ್ಲಿಯ ಬಿಸಿಲಿನ ಸುದ್ದಿ ಬರೆದುಕೊಂಡು ಕೂತರೆ ನನ್ನ ಧೈರ್ಯ ಅಲ್ಲೇ ಕರಗಿಹೋಗುತ್ತದೆ.

ಈಗ ಕೇಳುತ್ತೇನೆ. ಹೇಗಿದ್ದೀ? ಕಾಲು ಊದುವುದು ಇಳಿಯಿತೇ? ಏಳನೆಯ ತಿಂಗಳು ಎಂದು ಗಾರ್ಡ್ ದೊಡ್ಡಣ್ಣನವರಿಂದ ತಿಳಿಯಿತು. ದೀಪಾವಳಿಯಿಂದ ಈಚೆಗೆ ನಿನಗೆ ನೆಟ್ಟಗೆ ಒಂದು ಕಾಗದ ಬರೆದಿಲ್ಲ, ಅದಕ್ಕೆ ಬೈಯುವುದಿದ್ದರೆ ಎದುರಿಗೆ ಬೈ. ಹೋದ ತಿಂಗಳ ಕೊನೆಗೆ ಅಂಚೆಯಲ್ಲಿ ಹಾಕಿದ್ದು ನಿನ್ನ ಕೈಗೆ ಬಂತೋ ಇಲ್ಲವೋ ಗೊತ್ತಿಲ್ಲ. ಕಾಲೇಜಿನಲ್ಲಿ ಒಂದು ಸಂಕಟ ಬಂದಿದೆ, ನಿನ್ನಿಂದ ಒಂದು ಮಾತು ಬೇಕು, ಬಾ ಎಂದಷ್ಟೇ ಅದರಲ್ಲಿ ಬರೆದಿದ್ದೆ. ಉತ್ತರ ಬಂದದ್ದು ನಿನ್ನ ಯಜಮಾನರ ಅಕ್ಷರದಲ್ಲಿ. ತಾರಾಳಿಗೆ ಪ್ರಯಾಣ ಆಗದು, ಕಾಲೇಜಿನ ಹಳೆಯ ವಿಚಾರಗಳಿಂದ ಅವಳ ಮನಸ್ಸಿಗೆ ತೊಂದರೆ ಕೊಡಬಾರದಾಗಿ ವಿನಂತಿ, ಇಂತಿ ಹರಿಪ್ರಸಾದ. ಸಹಿಯ ಕೆಳಗೆ ಬ್ಯಾಂಕಿನ ಕಾಗದದಲ್ಲಿ ಎಳೆಯುವಂತೆ ಒಂದು ಗೆರೆ. ಸಭ್ಯ ಮನುಷ್ಯರು, ಅದನ್ನು ಒಪ್ಪುತ್ತೇನೆ. ಆದರೆ ಅವರ ಸಭ್ಯತೆಯ ಎದುರಿಗೆ ನನಗೆ ಬಾಗಿಲು ತಟ್ಟಲು ಜಾಗವೇ ಇಲ್ಲ.

ಅದಕ್ಕೇ ಈ ಸಲ ಅಂಚೆ ಬೇಡವೆಂದುಕೊಂಡೆ. ಅಪ್ಪನ ಸ್ನೇಹಿತರು ದೊಡ್ಡಣ್ಣನವರು ಸೂರತ್ ಪ್ಯಾಸೆಂಜರಿನ ಗಾರ್ಡ್ ಆಗಿರುವುದು ನಿನಗೆ ಗೊತ್ತಲ್ಲ. ನಾಳೆ ಅವರು ತಾಪಿ ನದಿ ದಾಟಿ ಅಡಾಜಣದ ನಿಮ್ಮ ಮನೆಗೆ ಬಂದು, ಹರಿಪ್ರಸಾದರು ಬ್ಯಾಂಕಿಗೆ ಹೋದ ಮೇಲೆ, ಅವ್ವ ಮಾಡಿದ ಗುರೆಳ್ಳು ಚಟ್ನಿಪುಡಿಯ ಡಬ್ಬಿಯನ್ನು ನಿನ್ನ ಕೈಗೇ ಕೊಡುತ್ತಾರೆ. ಕಾಗದ ಪುಡಿಯ ಅಡಿಯಲ್ಲಿದೆ. ನಿಮ್ಮ ಅತ್ತೆಯವರ ಎದುರು ಡಬ್ಬಿ ಬಗ್ಗಿಸಬೇಡ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಸಂಜೆ ಕಾಲೇಜಿನ ಗ್ರಂಥಾಲಯದಲ್ಲಿ ಏನು ಶುರುವಾಗುತ್ತದೆಂದು ನೀನು ಬಲ್ಲೆ. ಹೊರಗಿರುವ ಪುಸ್ತಕಗಳನ್ನೆಲ್ಲ ವಾಪಸು ತರಿಸಿ, ಬಾಗಿಲಿಗೆ ಬೀಗ ಹಾಕಿ, ಎಣಿಸುವುದು. ಓದಬೇಕಾದವರು ಹೊರಗೆ, ಪುಸ್ತಕಗಳು ಒಳಗೆ. ಹೋದ ವರ್ಷ, ನಿನ್ನ ಮದುವೆಗೆ ಸ್ವಲ್ಪ ಮೊದಲು, ಗ್ರಂಥಪಾಲಕ ಪಂಡ್ಯಾ ಸಾಹೇಬರಿಗೆ ಕಣ್ಣಿನ ಆಪರೇಷನ್ ಆಯಿತು, ಎಣಿಕೆ ತಪ್ಪಿತು. ಆ ಬಾಕಿಯನ್ನೂ ಸೇರಿಸಿ ಈ ವರ್ಷ ಹೊಸ ಕನ್ನಡಕ ಹಾಕಿಕೊಂಡು ಕೂತಿದ್ದಾರೆ. ಬೀಗವನ್ನು ಏಪ್ರಿಲಿನಲ್ಲಿ ಹಾಕಿ ಸಾಹೇಬ್, ಪುಸ್ತಕಗಳು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ನಾನು ಜಗಳವಾಡಿದೆ. ಅದಕ್ಕೆ ಅವರು ಶಾಂತವಾಗಿ, "ಬೆನ್, ಓದುವವರು ಬರುತ್ತಾರೆ, ಹೋಗುತ್ತಾರೆ. ಪುಸ್ತಕ ಮಾತ್ರ ಎಣಿಕೆಗೆ ಸಿಗಬೇಕು," ಎಂದರು. ಕಳೆದುಹೋದ ಪ್ರತಿಯೊಂದು ಪುಸ್ತಕಕ್ಕೂ ಗ್ರಂಥಪಾಲಕನನ್ನೇ ಹೊಣೆ ಮಾಡುವ ನಿಯಮ ಮಾಡಿದವರು ಅವರಲ್ಲ, ಅದು ನನಗೂ ಗೊತ್ತು. ಆದರೆ ಕಾವಲು ಕೂತು ಕೂತು ಅವರಿಗೆ ಓದುಗ ಎಂದರೆ ಸಿಕ್ಕಿಬೀಳದ ಕಳ್ಳ ಅನ್ನಿಸಿಬಿಟ್ಟಿದೆ. ಜ್ಞಾನಕ್ಕೆ ಬೀಗ ಹಾಕುವುದು ಧಾನ್ಯಕ್ಕೆ ಬೀಗ ಹಾಕಿದಂತೆ ಎಂದು ನಾನು ಹೇಳಿದರೆ, "ಇದು ಯಾವ ಪುಸ್ತಿಕೆಯಲ್ಲಿದೆ?" ಎಂದು ನಾನು ಸದಾ ಓದುವ ಚಳವಳಿಯ ಪುಸ್ತಿಕೆಗಳನ್ನು ಹಂಗಿಸಿ ನಕ್ಕರು. ಅದು ಯಾವ ಪುಸ್ತಿಕೆಯಲ್ಲೂ ಇರಲಿಲ್ಲ. ನನ್ನ ಸ್ವಂತ ಮಾತು. ಈ ಊರಿನಲ್ಲಿ ನನಗೆ ಸ್ವಂತ ಮಾತು ಇರಬಹುದೆಂದು ಯಾರೂ ನಂಬುವುದಿಲ್ಲ.

ಇನ್ನು ನೀನು ಸಂಜೆ ಪಾಠ ಹೇಳುತ್ತಿದ್ದ ಅರ್ಥಶಾಸ್ತ್ರದ ವಿಷಯ. ಇಂಟರ್ ತರಗತಿಗೆ ಗುಜರಾತಿಯಲ್ಲಿ ಇದ್ದದ್ದು ಅದೊಂದೇ ಪುಸ್ತಕ, ಅದನ್ನು ಅಚ್ಚು ಹಾಕುವುದು ನಿಂತು ವರ್ಷಗಳಾಗಿದ್ದವು, ಗ್ರಂಥಾಲಯದಲ್ಲಿ ಒಂದೇ ಪ್ರತಿ. ಓದಬೇಕಾದ ಮಿಲ್ ಕೆಲಸಗಾರರು ಒಂಬತ್ತು ಜನ. ಎಲ್ಲರೂ ಬದಲಿಗಳು, ಖಾಯಂ ಆಳು ಬಾರದ ದಿನ ಮಾತ್ರ ಕೆಲಸ ಸಿಗುವವರು. ಯಾವ ದಿನ ಯಾವ ಪಾಳಿ ಎಂದು ಅವರಿಗೇ ತಿಳಿಯದು. ಅವರು ಗ್ರಂಥಾಲಯಕ್ಕೆ ಬಂದಾಗ ಪುಸ್ತಕ ಇನ್ನೊಬ್ಬರ ಕೈಯಲ್ಲಿರುತ್ತಿತ್ತು. ನಾನು ಆ ಬಗ್ಗೆ ಆಡಳಿತಕ್ಕೆ ಮನವಿ ಬರೆಯುತ್ತ ಕೂತಿದ್ದೆ. ನೀನು ಏನೂ ಬರೆಯಲಿಲ್ಲ. ಒಂದು ಸಂಜೆ ಹಿಂದಿನ ಮೇಜಿನಲ್ಲಿ ಕೂತು, ಸೂಜಿಯ ತುದಿಯಿಂದ ಬೈಂಡಿನ ದಾರವನ್ನು ಒಂದೊಂದೇ ಎತ್ತಿ ಬಿಚ್ಚಿದೆ. ಒಂದು ಹಾಳೆಯೂ ಹರಿಯಲಿಲ್ಲ. ಎಂಟು ಭಾಗ ಮಾಡಿ, ಒಂದೊಂದಕ್ಕೂ ಮಿಲ್ಲಿನ ತುಂಡುಬಟ್ಟೆಯ ರಟ್ಟು ಹೊಲಿದೆ. ಮಿಲ್ಲಿನ ಗೇಟಿನಲ್ಲಿ ಪಾಳಿ ಬದಲಾಗುವಾಗ ಹೊರಗೆ ಬರುವವರು ಒಳಗೆ ಹೋಗುವವರಿಗೆ ದಾಟಿಸುತ್ತಿದ್ದರು. ಒಬ್ಬರ ಬಳಿ ಬೇಡಿಕೆ, ಇನ್ನೊಬ್ಬರ ಬಳಿ ಪೂರೈಕೆ, ಬ್ಯಾಂಕುಗಳು ಮತ್ತೊಬ್ಬರ ಅಂಗಿಯೊಳಗೆ. ಆ ವರ್ಷ ಒಂಬತ್ತರಲ್ಲಿ ಎಂಟು ಜನ ಪಾಸಾದರು.

ಉಳಿದವರು ಜೀವಣಭಾಯಿ. ಎಲ್ಲರಿಗೂ ಭಾಗಗಳನ್ನು ಹಂಚುವ ಓಡಾಟದಲ್ಲಿ ಅವರ ಸ್ವಂತ ಓದು ಹಿಂದೆ ಬಿದ್ದಿತು. ನೀನು ಹೊರಡುವ ವಾರ ಅವರಿಗೆ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: ನೀವೂ ಪಾಸಾಗುವವರೆಗೆ ಇದು ನಿಮ್ಮ ಹತ್ತಿರವೇ ಇರಲಿ, ಆಮೇಲೆ ನಾನೇ ಬಂದು ಮತ್ತೆ ಬೈಂಡ್ ಮಾಡಿಕೊಡುತ್ತೇನೆ. ಅವರು ಆ ಮಾತನ್ನು ಇಟ್ಟುಕೊಂಡರು. ಗೋಮತಿಪುರದ ಚಾಳದಲ್ಲಿ, ಏಳು ಜನ ಮಲಗುವ ಒಂದೇ ಕೋಣೆಯಲ್ಲಿ, ಇಲಿಗೆ ಸಿಗದಂತೆ ತೊಲೆಗೆ ತೂಗುಹಾಕಿ ಇಟ್ಟುಕೊಂಡರು.

ಪುಸ್ತಕಗಳೆಲ್ಲ ವಾಪಸು ಬರಬೇಕೆಂದು ಬೋರ್ಡಿನಲ್ಲಿ ಹಾಕಿದಾಗ ಗೆಳೆಯರೆಲ್ಲ ಅವರಿಗೆ, ಕಳೆದುಹೋಯಿತೆಂದು ಹೇಳಿಬಿಡು, ದಂಡ ಹಾಕಿ ಸುಮ್ಮನಾಗುತ್ತಾರೆ ಎಂದರಂತೆ. ಅವರು ಹಾಗೆ ಮಾಡಲಿಲ್ಲ. ಒಗೆದ ಪಂಚೆಯಲ್ಲಿ ಎಂಟು ಭಾಗವನ್ನೂ ಕ್ರಮವಾಗಿ ಕಟ್ಟಿಕೊಂಡು ಬಂದು, ಎರಡೂ ಕೈಯಿಂದ ಪಂಡ್ಯಾ ಸಾಹೇಬರ ಮೇಜಿನ ಮೇಲಿಟ್ಟರು. ಒಂದು ಹಾಳೆಯೂ ಹೋಗಿಲ್ಲ ಸಾಹೇಬ್, ನೋಡಿಕೊಳ್ಳಿ ಎಂದರು. ಹೊಗಳಿಕೆಯನ್ನು ನಿರೀಕ್ಷಿಸಿದ್ದರು ತಾರಾ. ಆ ಮುಖವನ್ನು ನಾನು ನೋಡಿದೆ. ಪಂಡ್ಯಾ ಸಾಹೇಬರು ಗಂಟು ಬಿಚ್ಚಿ ನೋಡಿ, ಕುರ್ಚಿಯಲ್ಲಿ ಕುಸಿದರು. ಕಳೆದ ಪುಸ್ತಕಕ್ಕೆ ನಿಯಮದಲ್ಲಿ ದಂಡವಿದೆ, ಎಂಟು ತುಂಡಾಗಿ ಬಂದ ಪುಸ್ತಕಕ್ಕೆ ಏನಿದೆ? ಸಂಜೆಯ ವಿದ್ಯಾರ್ಥಿಗಳು ಕೋಣೆಯಲ್ಲೇ ಕೂತು ಓದಬೇಕು, ಮನೆಗೆ ಒಯ್ಯುವಂತಿಲ್ಲ. ಒಯ್ದಿದ್ದಾರೆ, ಆದ್ದರಿಂದ ಕಳವು. ಕತ್ತರಿಸಿದ್ದಾರೆ, ಆದ್ದರಿಂದ ನಾಶ. ಪ್ರಾಮಾಣಿಕವಾಗಿ ತಂದುಕೊಟ್ಟದ್ದೇ ಸಾಕ್ಷಿಯಾಯಿತು.

ವಿಚಾರಣೆಗೆ ಟ್ರಸ್ಟಿನ ಕಾರ್ಯದರ್ಶಿ ಝವೇರಿ ಸೇಠರೇ ಬಂದಿದ್ದರು. ಜೀವಣಭಾಯಿ ನೂಲುವ ಖಾತೆಯಲ್ಲಿ ಬದಲಿಯಾಗಿರುವ ಮಿಲ್ಲು ಸೇಠರದ್ದೇ ಎಂಬುದನ್ನು ಮರೆಯಬೇಡ. ಸೇಠರ ಜೊತೆ ಇನ್ನೂ ನಾಲ್ವರು ಗಂಡಸರು. ನಾನು ಗ್ರಂಥಾಲಯದ ಸಹಾಯಕಿ ಎಂದು ಗೋಡೆಗೆ ನಿಲ್ಲಿಸಿದ್ದರು. ಪುಸ್ತಕ ಯಾರು ಕೊಟ್ಟರೆಂದು ಕೇಳಿದಾಗ ಜೀವಣಭಾಯಿ, ನಾನೇ ತೆಗೆದುಕೊಂಡೆ ಎಂದರು. ಕತ್ತರಿಸಿದವರು ಯಾರೆಂದರೆ ಅದೂ ನಾನೇ. ನನಗೆ ತಡೆಯಲಾಗಲಿಲ್ಲ. ಕೊಟ್ಟದ್ದೂ ನಾನು, ಬಿಚ್ಚಿದ್ದೂ ನಾನು, ಹೊಲಿದದ್ದೂ ನಾನು ಎಂದುಬಿಟ್ಟೆ.

ಜೀವಣಭಾಯಿ ನನ್ನ ಕಡೆ ತಿರುಗದೆ, "ಬೆನ್ ಸುಳ್ಳು ಹೇಳುತ್ತಿದ್ದಾರೆ, ಸಾಹೇಬ್," ಎಂದರು.

ಪಂಡ್ಯಾ ಸಾಹೇಬರೂ ಅದಕ್ಕೆ ದನಿಗೂಡಿಸಿದರು. ಈ ಹುಡುಗಿಗೆ ಗುಂಡಿ ಹಚ್ಚಲು ಬರುವುದಿಲ್ಲ, ಇಷ್ಟು ನಯವಾದ ಹೊಲಿಗೆ ಇವಳ ಕೈಯದಲ್ಲ ಎಂದರು. ನೀನಾಗಿದ್ದರೆ ಅಲ್ಲೇ ನಗುತ್ತಿದ್ದೆ. ಸೇಠರು ನಿಜವಾಗಿಯೂ ನಕ್ಕರು. "ನಳಿನಿಬೆನ್, ನಿಮ್ಮ ಪುಸ್ತಿಕೆಗಳಲ್ಲಿ ಸುಳ್ಳು ಹೇಳುವುದಕ್ಕೂ ಒಂದು ಅಧ್ಯಾಯ ಇರಬೇಕಲ್ಲ?" ಎಂದು ಕೇಳಿ, ಒಂದು ಭಾಗವನ್ನು ಕೈಗೆತ್ತಿಕೊಂಡು, ಹೊಲಿಗೆಯ ಮೇಲೆ ಬೆರಳಾಡಿಸಿ, ಇದು ಹೆಂಗಸಿನ ಕೈಕೆಲಸ, ಯಾವ ಹೆಂಗಸು ಎಂದರು. ಅವರು ಕೇಳಿದ ರೀತಿ ನಿನಗೆ ಬರೆಯಲು ನನಗೆ ನಾಚಿಕೆಯಾಗುತ್ತದೆ. ಜೀವಣಭಾಯಿಯ ಕಿವಿಗಳು ಕೆಂಪಾದವು. "ನಾನೇ ಹೊಲಿದೆ. ದಾರದ ಜೊತೆಗೇ ನನ್ನ ಬದುಕು, ಸಾಹೇಬ್," ಎಂದಷ್ಟೇ ಹೇಳಿ ನಿಂತರು.

ಪರೀಕ್ಷೆಯ ಹಾಲ್ ಟಿಕೆಟ್ ತಡೆಹಿಡಿದಿದ್ದಾರೆ. ಬರುವ ಭಾನುವಾರ ಹನ್ನೊಂದು ಗಂಟೆಗೆ ಸಮಿತಿ ಕೊನೆಯ ತೀರ್ಮಾನ ಮಾಡುತ್ತದೆ. ಕಾಲೇಜಿನಿಂದ ಹೆಸರು ತೆಗೆಯುವುದು, ಹಾಗೆ ತೆಗೆದದ್ದನ್ನು ಮಿಲ್ಲಿಗೆ ತಿಳಿಸುವುದು, ಎರಡೂ ಆಗಲೇ ನಿಶ್ಚಯವಾದಂತಿದೆ. ಇಂಟರ್ ಆದರೆ ಮಿಲ್ಲಿನ ಟೈಂ ಆಫೀಸಿನಲ್ಲಿ ಹಾಜರಿ ಬರೆಯುವ ಕೆಲಸಕ್ಕೆ ತೆಗೆದುಕೊಳ್ಳಬಹುದೆಂದು ಒಬ್ಬ ಮೇಸ್ತ್ರಿ ಆಸೆ ತೋರಿಸಿದ್ದರಂತೆ. ಕಳ್ಳನೆಂಬ ಹೆಸರು ಬಂದರೆ ಟೈಂ ಆಫೀಸು ಹಾಗಿರಲಿ, ಬೆಳಿಗ್ಗೆ ಗೇಟಿನ ಮುಂದೆ ನಿಂತು ಬದಲಿಗೆ ಕಾಯುವ ಗುಂಪಿನಲ್ಲೂ ಅವರಿಗೆ ಜಾಗವಿರುವುದಿಲ್ಲ. ಈ ಊರಿನ ಯಾವ ಮಿಲ್ಲಿನಲ್ಲೂ ಇರುವುದಿಲ್ಲ.

ಮರುದಿನ ನಾನು ಮಿಲ್ಲಿನ ಗೇಟಿಗೆ ಹೋದೆ. ನಿಜ ಯಾಕೆ ಹೇಳಲಿಲ್ಲ, ತಾರಾ ಕೊಟ್ಟಳೆಂದು ಹೇಳಿದರೆ ಮುಗಿಯುತ್ತಿತ್ತಲ್ಲ ಎಂದು ರೇಗಿದೆ. ಆಗ ನಿನ್ನ ಮೇಲಿನ ಪ್ರೀತಿಯೇ ಅವರ ಕುತ್ತಿಗೆಗೆ ಬಂದಿದೆ ಎಂದು ನನಗೆ ತಿಳಿದದ್ದು. ಹತ್ತಿಯ ಧೂಳು ಅವರ ರೆಪ್ಪೆಯ ಮೇಲೆ ಹಾಗೇ ಇತ್ತು. "ತಾರಾಬೆನ್ ಈಗ ಒಂದು ಮನೆಯ ಸೊಸೆ. ಐದು ಗಂಡಸರ ಎದುರು ನನ್ನ ಬಾಯಿಂದ ಅವರ ಹೆಸರು ಬಂದರೆ, ಅದು ಗಾಡಿಗಿಂತ ಮೊದಲು ಸೂರತ್ ಮುಟ್ಟುತ್ತದೆ. ನಮ್ಮ ಚಾಳದ ಹೆಸರನ್ನೂ ಹಿಡಿದುಕೊಂಡು ಮುಟ್ಟುತ್ತದೆ. ಪರೀಕ್ಷೆ ಹೋದರೆ ಬರುವ ವರ್ಷ ಇದೆ, ಬೆನ್," ಎಂದರು. ನಾನು ಇದು ಗುಲಾಮರ ಯೋಚನೆ, ನಿಮ್ಮ ಜಾತಿಯನ್ನು ನೀವೇ ಕೆಳಗಿಡುತ್ತಿದ್ದೀರಿ, ಸತ್ಯಕ್ಕೆ ಸೊಸೆಯೂ ಇಲ್ಲ ಹರಿಜನನೂ ಇಲ್ಲ ಎಂದು ರಸ್ತೆಯಲ್ಲೇ ಭಾಷಣ ಮಾಡಿದೆ. ಅವರು ಕೋಪಿಸಿಕೊಳ್ಳಲಿಲ್ಲ. "ನಿಮ್ಮ ಪುಸ್ತಿಕೆ ಬರೆದವರಿಗೆ ಅಕ್ಕತಂಗಿಯರು ಇರಲಿಲ್ಲವೇನು?" ಎಂದು ಕೇಳಿದರು. ಆಮೇಲೆ, ನಾನು ನಿನ್ನ ಹೆಸರನ್ನು ಸಮಿತಿಯ ಮುಂದೆ ಎತ್ತುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡರು. ಕೊಟ್ಟೆ. ಕೊಡದಿದ್ದರೂ ಏನು? ಒಮ್ಮೆ ಎಲ್ಲರ ಎದುರು ಸುಳ್ಳುಗಾತಿಯಾದವಳು ಎರಡನೆಯ ಸಲ ಇನ್ನೊಂದು ಹೆಸರು ಹೇಳಿದರೆ ಅವರು ಅದಕ್ಕೂ ನಗುತ್ತಾರೆ.

ಉಳಿದವಳು ನೀನೊಬ್ಬಳೇ. ನೀನೇ ಬಂದು, ನೀನೇ ಹೇಳಬೇಕು. ಆ ಕೋಣೆಯಲ್ಲಿ ನಿಂತು, ನಾನು ಇಲ್ಲಿ ಪಾಠ ಹೇಳಿಕೊಡುತ್ತಿದ್ದೆ, ಪುಸ್ತಕ ಬಿಚ್ಚಿದ್ದು ನಾನು, ಇವರ ಕೈಗೆ ಕೊಟ್ಟದ್ದು ನಾನು, ಬೇಕಾದರೆ ಈಗಲೇ ಸೂಜಿ ಕೊಡಿ, ಮತ್ತೆ ಒಂದು ಮಾಡಿಕೊಡುತ್ತೇನೆ ಎನ್ನಬೇಕು. ಅಷ್ಟೇ. ಸೊಸೆಯ ಹೆಸರನ್ನು ಹೊರಗಿನ ಗಂಡಸು ಹೇಳಿದರೆ ಅಪವಾದ. ಅವಳೇ ಬಂದು ಹೇಳಿದರೆ ಹೇಳಿಕೆ. ಈ ವ್ಯತ್ಯಾಸವನ್ನು ಕಂಡುಹಿಡಿಯಲು ನನಗೆ ಇಷ್ಟು ದಿನ ಬೇಕಾಯಿತು.

ಅವ್ವನಿಗೆ ಎಲ್ಲ ಹೇಳಿದೆ. ಮೊದಲು ನನಗೆ ಚೆನ್ನಾಗಿ ಬೈಸಿಕೊಳ್ಳುವ ಯೋಗವಿತ್ತು. "ಗಂಡನ ಮನಿಯಾಗ ಸುಮ್ಮನ ಇದ್ದಾಕಿಗೆ ಯಾಕ ಬೆಂಕಿ ಹಚ್ಚತೀಯವಾ? ಬಸುರಿ ಹೆಂಗಸ ಆಕಿ. ನಿನಗೇನು, ಹಿಂದಿಲ್ಲ ಮುಂದಿಲ್ಲ," ಎಂದಳು. ಹಿಂದಿಲ್ಲ ಮುಂದಿಲ್ಲ ಎಂಬುದು ನನ್ನ ಮದುವೆಯಾಗದ ಇಪ್ಪತ್ತಮೂರು ವರ್ಷಕ್ಕೆ ಕೊಟ್ಟ ಏಟು. ಆಮೇಲೆ ಬಹಳ ಹೊತ್ತು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಳು. ಶನಿವಾರ ಬರೋಡದಲ್ಲಿ ನಿಮ್ಮ ಸರಸ್ವತಿ ಚಿಕ್ಕಮ್ಮ ನಿನಗೆ ಸೀಮಂತದ ಕುಬಸ ಮಾಡುತ್ತಿದ್ದಾರೆ, ಅವ್ವನಿಗೂ ಹೇಳಿಕಳಿಸಿದ್ದಾರೆ. ಪ್ರಯಾಣ ಆಗದೆಂದು ಬರೆದ ಹರಿಪ್ರಸಾದರೇ ಅದಕ್ಕೆ ಒಪ್ಪಿದ್ದಾರಂತೆ. ಹುಬ್ಬಳ್ಳಿಗೆ ವರ್ಗವಾಗಿ ಹೋದ ನಿನ್ನ ತಂದೆತಾಯಿ ಬರಲಾರರೆಂದು ಅವ್ವನೇ ಹಸಿರು ಸೀರೆ ತರುತ್ತಾಳೆ. ಅಕ್ಕಿ ಮುಗಿದ ಮೇಲೆ ತಲೆಯೆತ್ತದೆ, "ಬರೂದಿದ್ರ ಒಬ್ಬಾಕಿನ್ನ ಬರಗೊಡಬ್ಯಾಡ. ಮುಂಜಾನಿ ಗಾಡಿಗೆ ನಾ ಕರಕೊಂಡು ಬರತೀನಿ," ಎಂದಳು. ಹರಿಪ್ರಸಾದರು ನಿನ್ನನ್ನು ಕರೆದೊಯ್ಯಲು ಸೋಮವಾರ ಬರುವರಂತೆ. ಭಾನುವಾರ ಸಂಜೆಯೊಳಗೆ ನಿನ್ನನ್ನು ಬರೋಡ ಮುಟ್ಟಿಸುವುದು ನನ್ನ ಹೊಣೆ. ಅವರಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಹೇಳಿಯೇ ಬಾ ಎನ್ನುವ ಧೈರ್ಯ ನನಗಿಲ್ಲ, ಹೇಳದೆ ಬಾ ಎನ್ನುವ ಹಕ್ಕೂ ಇಲ್ಲ.

ಬೇರೆ ಸುದ್ದಿಯನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ನನ್ನನ್ನು ಬರೀ ಜಗಳಗಂಟಿ ಎಂದುಕೊಳ್ಳುತ್ತೀ. ಓದುವ ಕೋಣೆಗೂ ಬೀಗ ಬಿದ್ದಿರುವುದರಿಂದ ನಮ್ಮ ಸಂಜೆಯ ಪಾಠ ಈಗ ಮಣಿನಗರ ಸ್ಟೇಷನ್ನಿನಲ್ಲಿ, ಪ್ಲಾಟ್‌ಫಾರಂ ದೀಪದ ಕೆಳಗೆ. ಅಪ್ಪ ಅಸಿಸ್ಟೆಂಟ್ ಸ್ಟೇಷನ್ ಮಾಸ್ತರರಾಗಿ ನಮ್ಮನ್ನು ಎಬ್ಬಿಸಬೇಕು. ಆ ಹೊತ್ತಿಗೆ ಸರಿಯಾಗಿ ಅವರಿಗೆ ಇನ್ನೊಂದು ತುದಿಯಲ್ಲಿ ಏನಾದರೂ ಕೆಲಸ ಬರುತ್ತದೆ. ಗೂಡ್ಸ್ ಗಾಡಿ ಬಂದರೆ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ, ಕೊನೆಯ ಡಬ್ಬಿ ದಾಟಿದ ಮೇಲೆ ಮುಂದುವರಿಯುತ್ತದೆ. ಪುಸ್ತಕದ ಎಂಟೂ ಭಾಗ ಸೇಠರ ಕಪಾಟಿನಲ್ಲಿವೆ, ಆದ್ದರಿಂದ ನೆನಪಿನಿಂದಲೇ ಹೇಳಿಕೊಡುತ್ತೇನೆ. ಮೊನ್ನೆ ರತಿಲಾಲ್ ಎಂಬ ಹೊಸ ವಿದ್ಯಾರ್ಥಿ, ಪುಸ್ತಕ ಒಂದು, ಓದುವವರು ಒಂಬತ್ತು, ಅದಕ್ಕೂ ಬೀಗ, ಅಭಾವದ ಮೇಲೆ ಪ್ರಶ್ನೆ ಬಂದರೆ ನಾನು ಫಸ್ಟ್ ಕ್ಲಾಸ್ ಎಂದ. ಎಲ್ಲರೂ ನಕ್ಕರು. ಜೀವಣಭಾಯಿ ಮಾತ್ರ ಬರುವುದಿಲ್ಲ. ತಾವು ಬಂದರೆ ಪಾಠಕ್ಕೂ ಕುತ್ತು ಎಂದು ಹೇಳಿಕಳಿಸಿದ್ದಾರೆ. ಪರೀಕ್ಷೆಗೆ ಎರಡು ವಾರವೂ ಉಳಿದಿಲ್ಲ.

ತಾರಾ, ನಾನು ಕೇಳುತ್ತಿರುವುದು ದೊಡ್ಡದು ಎಂದು ಬಲ್ಲೆ. ನಾಲ್ಕು ಸಲ ಈ ಕಾಗದವನ್ನು ಹರಿಯಲು ಹೊರಟೆ. ಅಡಾಜಣದ ಆ ಮನೆಯಲ್ಲಿ ಒಂದು ತಣ್ಣನೆಯ ಮಾತು ಎಷ್ಟು ವರ್ಷ ಉಳಿಯುತ್ತದೆ ಎಂದು ನನ್ನಂಥವಳು ಊಹಿಸಲಾರಳು. ನೀನು ಬಾರದೆ ಇದ್ದರೆ ನಾನು ನಿನ್ನನ್ನು ದೂರುವುದಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ದೂರುತ್ತೇನೆ. ಆದರೂ ನಿನ್ನ ಮಗುವಿಗೆ ಯಾರಿಗಾದರೂ ಹೇಳಿ ಸ್ವೆಟರ್ ಹೆಣೆಸುತ್ತೇನೆ, ನನ್ನ ಕೈಯಲ್ಲಿ ಆಗುವುದಿಲ್ಲವೆಂದು ಈಗ ಇಡೀ ಅಹಮದಾಬಾದಿಗೇ ಗೊತ್ತಾಗಿದೆ. ಹಗುರಾಗಿ ಹೆರಿಗೆಯಾಗಲಿ. ಹುಟ್ಟುವ ಕೂಸು ಯಾರನ್ನೂ ಕೇಳದೆ ಯಾವ ಕಪಾಟಿನಿಂದಾದರೂ ಪುಸ್ತಕ ತೆಗೆದು ಓದುವಂತಾಗಲಿ. ನಿನಗೆ ಒಳ್ಳೆಯದಾಗಲಿ.

ನಿನ್ನ
ನಳಿನಿ

ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ವಿಚಾರಣೆಯ ಒಂದು ಮಾತನ್ನು ಬಿಟ್ಟಿದ್ದೆ. ಕೊನೆಗೆ ಸೇಠರು ಜೀವಣಭಾಯಿಯನ್ನು, ನಾಲ್ಕು ವರ್ಷದಿಂದ ಬರುತ್ತಿದ್ದೀಯಲ್ಲ, ಇಲ್ಲಿ ನಿನಗೆ ಕಲಿಸಿದವರು ಯಾರು ಎಂದು ಕೇಳಿದರು. ನಾನು ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ನಿಂತಿದ್ದೆ. ಅವರಿಗೆ ಮೊದಲ ಇಂಗ್ಲಿಷ್ ಅಕ್ಷರ ತಿದ್ದಿಸಿದ್ದು ನಾನು. ಆ ಲಿಪಿಯಲ್ಲಿ ಮೊದಲ ಸಲ ತಮ್ಮ ಹೆಸರು ಬರೆದು ಅವರು ತೋರಿಸಿದ್ದು ನನಗೆ. ಅವರು ನೆಲ ನೋಡುತ್ತ, "ಯಾರೂ ಇಲ್ಲ, ಸಾಹೇಬ್. ನನಗೆ ಇಲ್ಲಿ ಯಾರೂ ಏನೂ ಕಲಿಸಿಲ್ಲ," ಎಂದರು. ಸೇಠರು ಗುಮಾಸ್ತನಿಗೆ ಅದನ್ನು ಬರೆದುಕೊಳ್ಳಲು ಹೇಳಿದರು. ಯಾರೂ ಕಲಿಸದ ಮೇಲೆ ಸಂಜೆಯ ಪಾಠವೂ ಸಹಾಯಕಿಯೂ ಯಾಕೆ ಬೇಕೆಂಬುದು ಭಾನುವಾರದ ಎರಡನೆಯ ವಿಷಯ.

ನಿನ್ನನ್ನೂ ನನ್ನನ್ನೂ ಅವರು ಒಂದೇ ಮಾತಿನಲ್ಲಿ ಕಾಪಾಡಿದರು. ನಿನಗೆ ಅದು ಬೇಕಾಗಿತ್ತೋ ಏನೋ. ನನಗೆ ಬೇಕಾಗಿರಲಿಲ್ಲ. ಅವರ ಬಾಯಿಂದ ನನ್ನ ಹೆಸರು ಬಂದು ಅದು ಯಾವ ಊರು ಮುಟ್ಟಿದ್ದರೂ ನಾನು ತಲೆಯೆತ್ತಿ ನಡೆಯುತ್ತಿದ್ದೆ. ಇದನ್ನು ಅವ್ವನಿಗೆ ಹೇಳಬೇಡ, ಅವರಿಗಂತೂ ಎಂದಿಗೂ ಹೇಳಬೇಡ.

ಭಾನುವಾರ, ಹನ್ನೆರಡನೆಯ ತಾರೀಕು, ಬೆಳಿಗ್ಗೆ ಒಂಬತ್ತು ಗಂಟೆ. ಮಣಿನಗರ ಸ್ಟೇಷನ್, ಬರೋಡದಿಂದ ಬರುವ ಗಾಡಿ ನಿಲ್ಲುವಲ್ಲಿ.